ದೋಣಿ ತುಂಬಿತು

ಆ ಪೆಟ್ಟಿಗೆಗೆ ಕಿವಿ ಮಾತ್ರ ಇತ್ತು. ಕಣ್ಣಿರಲಿಲ್ಲ. ನೀರು ತಾಗಿದರೆ ತಿಳಿಯುವ ಚರ್ಮವೂ ಇರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದು.

ಅದಕ್ಕೂ ಹಿಂದಿನ ಪೆಟ್ಟಿಗೆಗಳು ನೀರನ್ನು ನಂಬುತ್ತಿದ್ದವು. ದೋಣಿ ಮಗುಚಿ ಪೆಟ್ಟಿಗೆ ನೀರಿಗೆ ಬಿದ್ದರೆ ತಾನಾಗಿಯೇ ಎಚ್ಚೆತ್ತು ಉಪಗ್ರಹಕ್ಕೆ ಕೂಗು ಹಾಕುತ್ತಿತ್ತು. ಉಪಗ್ರಹ ದಡದ ಕೇಂದ್ರಕ್ಕೆ ಹೇಳುತ್ತಿತ್ತು. ಕೇಂದ್ರ ರಕ್ಷಣಾ ದೋಣಿ ಕಳಿಸುತ್ತಿತ್ತು. ಆದರೆ ಕರಾವಳಿಯಲ್ಲಿ ನೀರು ಆಪತ್ತಿಗೆ ಮಾತ್ರ ಬರುವುದಿಲ್ಲ. ಆಯುಧಪೂಜೆಗೆ ದೋಣಿ ತೊಳೆದರು, ಕೂಗಿತು. ಗುಜರಿಯವನ ಅಂಗಳದಲ್ಲಿ ಮಳೆಗೆ ನೆನೆಯಿತು, ಕೂಗಿತು. ಒಬ್ಬರು ಅದನ್ನು ದೇವರ ಫೋಟೋದ ಪಕ್ಕದಲ್ಲಿಟ್ಟು ಭಕ್ತಿಯಿಂದ ಎಳನೀರಿನ ಅಭಿಷೇಕ ಮಾಡಿದರು. ಹೆಲಿಕಾಪ್ಟರ್ ಬಂತು. ನೂರು ಕೂಗಿನಲ್ಲಿ ತೊಂಬತ್ತಾರು ಸುಳ್ಳು. ಕೊನೆಗೆ ಕೂಗಿದಾಗ ಕುರ್ಚಿಯಿಂದ ಏಳುವವರೇ ಇಲ್ಲವಾದರು.

ನಮ್ಮ ಕೇಂದ್ರದ ಮುಖ್ಯಸ್ಥರು ಡಾ. ಶ್ರೀವತ್ಸ. ಬೆಂಗಳೂರಿನವರು, ಈಜು ಬಾರದವರು. ಅವರು ಒಂದು ದಿನ ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: ನೀರಿನ ಬದಲು ಮನುಷ್ಯರನ್ನು ನಂಬಿದರೆ?

ಹೊಸ ಪೆಟ್ಟಿಗೆ ಹುಟ್ಟಿದ್ದು ಹಾಗೆ. ಅದು ದೋಣಿಯವರ ಮಾತನ್ನು ಇಡೀ ದಿನ ಕೇಳುತ್ತದೆ. ಎರಡು ವಿಷಯ ತೂಗುತ್ತದೆ. ಒಂದು ಗಂಟಲು, ಅದರ ಏರು, ಅದರ ವೇಗ. ಇನ್ನೊಂದು ಪದ. ಗಂಟಲೊಂದನ್ನೇ ನಂಬುವ ಹಾಗಿಲ್ಲ, ಏಕೆಂದರೆ ಹೆದರಿದ ಗಂಟಲೂ ಹಿಗ್ಗಿದ ಗಂಟಲೂ ಯಂತ್ರಕ್ಕೆ ಒಂದೇ ಥರ ಕೇಳಿಸುತ್ತವೆ. ಎರಡನ್ನೂ ಬೇರೆ ಮಾಡುವುದು ಪದ.

ಪದ ನನ್ನ ಕೆಲಸವಾಗಿತ್ತು. ನಾನು ಭಾಷಾವಿಜ್ಞಾನ ಓದಿದವಳು. ಕರಾವಳಿಯ ಏಳು ಭಾಷೆಗಳಲ್ಲಿ ಮನುಷ್ಯರು ಆಪತ್ತಿಗೆ ಏನೆನ್ನುತ್ತಾರೆ, ಮೀನು ಸಿಕ್ಕರೆ ಏನೆನ್ನುತ್ತಾರೆ ಎಂದು ಎರಡು ಪಟ್ಟಿ ಮಾಡಿದೆ. ಆಪತ್ತಾದರೆ ಕೇಂದ್ರದ ಗೋಡೆಯ ನಕ್ಷೆಯಲ್ಲಿ ದೋಣಿಯ ಚುಕ್ಕಿ ಕೆಂಪಾಗುತ್ತದೆ. ಭಾರಿ ಮೀನಾದರೆ ಹಸಿರಾಗುತ್ತದೆ, ಮನೆಯವರ ಮೊಬೈಲಿಗೂ ಸುದ್ದಿ ಹೋಗುತ್ತದೆ. ಹಸಿರು ಯಾಕೆ ಎಂದು ಕೇಳಿದ್ದಕ್ಕೆ ಶ್ರೀವತ್ಸ ಸರ್ ಹೇಳಿದ್ದರು, “ಆಪತ್ತು ಹತ್ತು ವರ್ಷಕ್ಕೊಂದು ಸಲ ಬರುತ್ತೆ ವನಜಾ, ಮೀನು ದಿನಾ ಬರುತ್ತೆ. ದಿನಾ ಕೆಲಸಕ್ಕೆ ಬಾರದ ವಸ್ತುವನ್ನ ಯಾರೂ ಒರೆಸಿ, ಚಾರ್ಜ್ ಮಾಡಿ ಇಟ್ಕೊಳ್ಳಲ್ಲ.” ಅದು ಸರಿಯೇ.

ಒತ್ತುವ ಗುಂಡಿಯೂ ಇತ್ತು, ಮುಚ್ಚಳದ ಕೆಳಗೆ. ‘ಆಪತ್ತಿನಲ್ಲಿ ಕೈ ಖಾಲಿ ಇರುವುದಿಲ್ಲ, ಬಾಯಿ ಖಾಲಿ ಇರುತ್ತದೆ. ಹೇಳಿದರೆ ಸಾಕು.’ ಇದು ಪೆಟ್ಟಿಗೆಯ ಜೊತೆ ಕೊಡುತ್ತಿದ್ದ ಕರಪತ್ರದ ಮೊದಲ ವಾಕ್ಯ. ಬರೆದವಳು ನಾನು.

*

ನನ್ನ ಊರು ಪಡುಕೋಡಿ. ಹುಟ್ಟಿದ್ದೂ ಅಲ್ಲೇ, ಕೊಟ್ಟದ್ದೂ ಅಲ್ಲೇ. ನಮ್ಮಲ್ಲಿ ಕೆಟ್ಟದ್ದನ್ನು ಹೆಸರು ಹಿಡಿದು ಕರೆಯುವುದಿಲ್ಲ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯ ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ದೋಣಿಗೂ ಅದೇ ಮಾತು. ಕಡಲಿಗೆ ಹೋಗುವವರ ಮನೆಯಲ್ಲಿ ‘ಮುಳುಗು’ ಎಂಬ ಪದವೇ ಇಲ್ಲ. ದೋಣಿ ‘ತುಂಬ್ತ್’ ಎನ್ನುತ್ತಾರೆ. ಅದನ್ನೂ ದಡದಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ.

ಬೇರೆ ಊರಿನವರು ಭಾರಿ ಮೀನು ಸಿಕ್ಕರೆ ದೋಣಿ ತುಂಬಿತು ಎನ್ನುತ್ತಾರೆ, ನನ್ನ ಮೀನಿನ ಪಟ್ಟಿಯಲ್ಲೂ ಅದಿತ್ತು. ನಮ್ಮಲ್ಲಿ ಮೀನು ಎಷ್ಟೇ ಸಿಗಲಿ, ಹಾಗೆನ್ನುವುದಿಲ್ಲ. ದೃಷ್ಟಿಯಾಗುತ್ತದೆ. “ಏನೋ ಚೂರ್ ಆಯ್ತ್” ಎನ್ನಬೇಕು.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೊದಲ ವಾರ ಅಡುಗೆಮನೆಯ ಪಾಳಿ ನನ್ನದಾಗಿತ್ತು. ಡ್ರಮ್ಮಿನಲ್ಲಿ ಅಕ್ಕಿ ಎಷ್ಟಿದೆ ನೋಡು ಎಂದರು. ತಳದಲ್ಲಿ ಒಂದು ಹಿಡಿಯೂ ಇರಲಿಲ್ಲ. “ಅಕ್ಕಿ ತುಂಬಿದೆ” ಎಂದೆ. ಮರುದಿನ ಎಂಬತ್ತು ಹುಡುಗಿಯರಿಗೆ ಅನ್ನವಿಲ್ಲ. ವಿಷಯ ತಿಳಿದ ಮೇಲೆ ಅವರು ನಕ್ಕದ್ದು ಸಿಟ್ಟಿನ ನಗುವಲ್ಲ, ನಿಜವಾಗಿ ತಮಾಷೆಯಾಗಿಯೇ ಕಂಡಿತ್ತು ಅವರಿಗೆ. ಎರಡು ವರ್ಷ ನನ್ನ ಹೆಸರು ‘ಅಕ್ಕಿ ತುಂಬಿದೆ’. ನಾನು ನನ್ನ ಮಾತನ್ನು ತೊಳೆದು ಒಣಗಿಸಿ ಪುಸ್ತಕದ ಕನ್ನಡ ಮಾಡಿಕೊಂಡೆ. ಮನೆಗೆ ಹೋದಾಗ ಮಾತ್ರ ಹಳೆಯದು.

ಪದಪಟ್ಟಿ ಮುಗಿಸುವ ದಿನ ಸಭೆಯಿತ್ತು. ಹನ್ನೆರಡು ಜನ, ಅದರಲ್ಲಿ ಇಬ್ಬರು ದೆಹಲಿಯವರು. ಯಾರೋ ಎಳನೀರಿನ ಅಭಿಷೇಕದ ಕಥೆ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಅಭಿಷೇಕ ಮಾಡಿದವರು ನನ್ನ ದೊಡ್ಡಪ್ಪ ಎಂದು ಹೇಳಲಿಲ್ಲ. ನಗು ನಿಲ್ಲುವ ಮೊದಲೇ ಶ್ರೀವತ್ಸ ಸರ್ ನನ್ನ ಕಡೆ ತಿರುಗಿದರು.

“ವನಜಾ, ನಿಮ್ಮ ಕಡೆಯವರು ಮುಳುಗೋದಕ್ಕೆ ಬೇರೆ ಪದ ಏನಾದ್ರೂ ಬಳಸ್ತಾರಾ?”

ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಹನ್ನೆರಡು ಜನ ನನ್ನ ಕಡೆ ನೋಡುತ್ತಾರೆ. ‘ಹಾಗಾದರೆ ಅಕ್ಕಿ ಮುಗಿದರೆ ಏನಂತೀರಿ?’ ಎಂದು ಕೇಳುತ್ತಾರೆ.

“ಇಲ್ಲ ಸರ್. ಮುಳುಗು ಅಂತಲೇ.”

“ಗುಡ್. ಒಂದು ತಲೆನೋವು ಕಡಿಮೆ.”

*

ಮೊದಲು ಹದಿನೆಂಟು ದೋಣಿಗಳಿಗೆ ಪೆಟ್ಟಿಗೆ ಕೊಟ್ಟು ನೋಡುವುದೆಂದಾಯಿತು. ಅದರಲ್ಲಿ ನನ್ನ ಗಂಡ ಲೋಹಿತ್ ಹೋಗುತ್ತಿದ್ದ ದೋಣಿಯೂ ಒಂದು. ಐದು ಜನರ ದೋಣಿ. ಅದನ್ನು ನಡೆಸುವ ತಾಂಡೇಲರು ತಿಮ್ಮಣ್ಣ. ಪೆಟ್ಟಿಗೆ ಕೂರಿಸುವ ದಿನ ಮನೆಯವರೆಲ್ಲ ದೋಣಿ ಕಟ್ಟುವ ದಕ್ಕೆಗೆ ಹೋದೆವು. ಎಂಜಿನ್ನಿನ ಪಕ್ಕ ದೇವರ ಫೋಟೋ ಇಡುವ ಹಲಗೆಯ ಮೇಲೆ ಅದಕ್ಕೂ ಜಾಗ ಮಾಡಿದ್ದರು.

ಅತ್ತೆ ಕುಂಕುಮದ ಬೆರಳನ್ನು ನೇರ ಮೈಕಿನ ತೂತಿಗೇ ಒಯ್ದರು.

“ಅತ್ತೆ, ಅಲ್ಲಿ ಬೇಡ. ಅದು ಕಿವಿ.”

“ಹಂಗಾರೆ ಕಿವಿ ಮೇಲೆ ಇಡ್ತೆ,” ಎಂದು ಒಂದಂಗುಲ ಮೇಲಕ್ಕೆ ಇಟ್ಟರು.

ಲೋಹಿತ್ ಪೆಟ್ಟಿಗೆಯನ್ನು ತಟ್ಟಿ ನೋಡಿದರು. “ಇದ್ಕೆ ನಮ್ ಮಾತ್ ತಿಳಿತ್ತಾ? ಅಲ್ಲ, ಪುಸ್ತಕದ ಕನ್ನಡದಗೇ ಕೂಗ್ಕಾ?”

“ಎಲ್ಲ ತಿಳಿತ್ತ್. ಕಲ್ಸಿದ್ದ್ ನಾನೇ ಅಲ್ದಾ?”

“ಕೇಂಡ್ರ್ಯಾ?” ಅವರು ಉಳಿದವರ ಕಡೆ ತಿರುಗಿದರು. “ಇದ್ ನನ್ ಹೆಂಡ್ತಿ ಕಿವಿ. ಇನ್ ಮೇಲೆ ದೋಣಿಯಗೆ ಯಾರೂ ಬಾಯಿಗ್ ಬಂದ ಹಾಂಗ್ ಬೈಯುಕಾಗ.”

“ಹಂಗಾರೆ ನೀನೇ ಬಾಯ್ ಮುಚ್ಕಂಡ್ ಇರ್ಕ್ ಮಾರಾಯ,” ತಿಮ್ಮಣ್ಣ ಹೇಳಿದರು. “ಬೈಗುಳ ಎಲ್ಲಾ ನಿಂದೇ.”

ಎಲ್ಲರೂ ನಕ್ಕರು. ಅತ್ತೆಯೂ. ನಾನು ಆ ಕ್ಷಣದಲ್ಲಿ ತಿರುಗಿ ಹೇಳಬಹುದಿತ್ತು, ಒಂದು ಮಾತು ಮಾತ್ರ ತಿಳಿಯುವುದಿಲ್ಲ, ಅದಾದರೆ ಗುಂಡಿ ಒತ್ತಿ ಎಂದು. ನೆನಪಾಗಲಿಲ್ಲ ಎಂದು ಇಲ್ಲಿ ಬರೆದರೆ ನಂಬುವವರಿದ್ದಾರೆ. ನೆನಪಾಗಿತ್ತು. ಮುಂದಿನ ತಿಂಗಳು ಪಟ್ಟಿಗೆ ಸದ್ದಿಲ್ಲದೆ ಸೇರಿಸಿದರಾಯಿತು ಎಂದುಕೊಂಡೆ.

*

ಸೆಪ್ಟೆಂಬರಿನ ಒಂದು ಗುರುವಾರ. ಮಧ್ಯಾಹ್ನ ನಾಲ್ಕು ಹನ್ನೆರಡು. ನಕ್ಷೆಯ ಮುಂದೆ ಫಿಲೋಮಿನಾ ಕೂತಿದ್ದರು. ಮಂಗಳೂರಿನವರು, ಹದಿನೈದು ವರ್ಷದಿಂದ ಅದೇ ಕುರ್ಚಿ.

“ವನಜಾ, ಇಲ್ಲಿ ನೋಡಿ ಮಾರಾಯ್ತಿ. ನಿಮ್ಮ ಮನೆ ದೋಣಿಗೆ ಇವತ್ತು ಭಾರಿ ಮೀನುಂಟು. ನನಗೊಂದು ಬುಟ್ಟಿ ಬಂಗುಡೆ ಆಗಬೇಕು ಹಾಂ.”

ಚುಕ್ಕಿ ಹಸಿರಾಗಿತ್ತು. ಕೆಳಗೆ ಸಾಲು: ಭರ್ಜರಿ ಮೀನು, ಖಚಿತತೆ ನೂರಕ್ಕೆ ತೊಂಬತ್ತೊಂದು. ನಾನು ನಕ್ಕೆ. ಮನೆಗೆ ಫೋನು ಮಾಡಿದೆ.

ಅತ್ತೆಗೆ ಓದು ಬಾರದು. ಮೊಬೈಲೇ ಸುದ್ದಿಯನ್ನು ಓದಿ ಹೇಳಿತ್ತು. “ಭರ್ಜರಿ ಮೀನು ಅಂದ್ ಹೇಳ್ತ್ ಹೆಣ್ಣೇ. ಅವ ಹಂಗೆಲ್ಲಾ ಬಾಯ್ ಬಿಟ್ ಹೇಳುವನಲ್ಲ, ಅಲ್ದಾ?”

“ಈಗ ಹೇಳೂದ್ ಪೆಟ್ಟಿಗೆ ಅತ್ತೆ. ಅವ್ರಲ್ಲ.”

“ಹೌದಾ. ಹಂಗಾರೆ ದಕ್ಕೆಗ್ ಹೋತೆ.”

ಅವರಿಗೆ ಅನುಮಾನ ಬಂದಿತ್ತು. ಅದನ್ನು ತೆಗೆದುಹಾಕಿದವಳು ನಾನು.

ನಾಲ್ಕು ಮೂವತ್ತೊಂದಕ್ಕೆ ಚುಕ್ಕಿ ಮಾಯವಾಯಿತು. ಹಸಿರಾದ ಮೇಲೆ ಚುಕ್ಕಿ ಮಾಯವಾದರೆ ದೋಣಿ ಅಳಿವೆಯ ಗುಡ್ಡದ ಮರೆಗೆ ಬಂದಿದೆ ಎಂದು ತಿಳಿಯುವುದು ರೂಢಿಯಾಗಿತ್ತು. ಹಾಗೆಯೇ ತಿಳಿದೆವು. ಪಡುಕೋಡಿಯ ದಕ್ಕೆಯಲ್ಲಿ ಅತ್ತೆ, ಅವರ ಜೊತೆ ಒಂಬತ್ತು ಹೆಂಗಸರು, ಬುಟ್ಟಿ ಹಿಡಿದು, ಮಂಜುಗಡ್ಡೆ ಒಡೆಸಿಟ್ಟುಕೊಂಡು ನಿಂತಿದ್ದರು. ಮಂಜುಗಡ್ಡೆ ಕರಗಿ ಸೀರೆಯ ಅಂಚು ಒದ್ದೆಯಾಗುವವರೆಗೆ ನಿಂತಿದ್ದರು.

ಮರುದಿನ ಬೆಳಿಗ್ಗೆ ಮಲ್ಪೆ ಕಡೆಯ ಬೋಟೊಂದಕ್ಕೆ ಮೂವರು ಸಿಕ್ಕರು, ಖಾಲಿ ಕ್ಯಾನುಗಳನ್ನು ಅಪ್ಪಿಕೊಂಡು. ತಿಮ್ಮಣ್ಣ ಅವರಲ್ಲೊಬ್ಬರು. ಲೋಹಿತ್ ಮತ್ತು ದೋಣಿಯ ಐದನೆಯವನಾದ ಕುಮಟೆಯ ಗಣಪು ಮೂರನೆಯ ದಿನ ಸಿಕ್ಕರು.

ನಾನೇ ಬಳೆ ತೆಗೆದಿಟ್ಟೆ. ಅತ್ತೆ ಬಂದವರಿಗೆ ಹೇಳಿದ್ದು, “ಬಳೆ ಹೆಚ್ಚಾಯ್ತ್.”

*

ಕೇಂದ್ರದಲ್ಲಿ ಆ ದಿನದ ಧ್ವನಿ ಇತ್ತು. ನಲವತ್ತೊಂದು ಸೆಕೆಂಡು. ಕೇಳುವ ಅಧಿಕಾರ ನನಗಿತ್ತು. ಐದು ತಿಂಗಳು ಕೇಳಲಿಲ್ಲ. ಎಲ್ಲರೂ ದುಃಖಕ್ಕೆ ಎಂದುಕೊಂಡರು. ಶ್ರೀವತ್ಸ ಸರ್ ಆ ಕಡತವನ್ನು ನನ್ನ ಕಣ್ಣಿಗೆ ಬೀಳದ ಕಡೆ ಇಡಿಸಿದ್ದರು. ಒಳ್ಳೆಯ ಮನುಷ್ಯ. ಆದರೆ ನನಗೆ ಕೇಳುವ ಅಗತ್ಯವೇ ಇರಲಿಲ್ಲ. ಭಾರಿ ಮೀನು ಎಂದು ಜನ್ಮದಲ್ಲಿ ಬಾಯಿಬಿಟ್ಟು ಹೇಳದ ಮನುಷ್ಯನ ದೋಣಿ ಹಸಿರಾಗಬೇಕಾದರೆ ಅಲ್ಲಿ ಒಂದೇ ಒಂದು ಪದ ಇದ್ದಿರಬೇಕು.

ತನಿಖೆ ಮಾಡಿದವರಿಗೆ ಪಡುಕೋಡಿಯ ಮಾತು ಗೊತ್ತಿರಲಿಲ್ಲ. ಅವರು ಧ್ವನಿಯನ್ನಲ್ಲ, ಪೆಟ್ಟಿಗೆ ಬರೆದ ಅರ್ಥವನ್ನು ಓದಿದರು. ಬದುಕಿದ ಮೂವರೂ ಆ ಪದವನ್ನು ದಡದಲ್ಲಿ ಬಾಯಿಗೆ ತರಲಿಲ್ಲ. ಫೆಬ್ರವರಿಯಲ್ಲಿ ಕರಡು ವರದಿ ಬಂತು. ಆಕ್ಷೇಪಣೆ ಇದ್ದರೆ ಮಾರ್ಚ್ ಕೊನೆಯೊಳಗೆ ಹೇಳಬೇಕು. ಆಮೇಲೆ ಅದೇ ಅಂತಿಮ. ಅಂತಿಮವಾದ ಮೇಲೆ, ಮಳೆಗಾಲ ಕಳೆದು ಕಡಲಿಗೆ ಇಳಿಯುವ ಮುನ್ನೂರು ದೋಣಿಗಳಿಗೆ ಅದೇ ಪೆಟ್ಟಿಗೆ.

ತಿಮ್ಮಣ್ಣ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಅವರ ಜೊತೆ ಕಡಲಿಗೆ ಹೋಗಲು ಈಗ ಯಾರೂ ಒಪ್ಪುತ್ತಿರಲಿಲ್ಲ. ಆಸೆಗೆ ಬಿದ್ದು ದೋಣಿಗೆ ಮೀನು ಹೇರಿ ಇಬ್ಬರನ್ನು ಕೊಂದವನು ಎಂಬ ಮಾತು ಊರಲ್ಲಿತ್ತು. ಆ ಕೆಟ್ಟ ಹೆಸರಿನಲ್ಲಿ ಸತ್ತವರಿಗೂ ಪಾಲಿತ್ತು. ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ನನಗೆ ಕೊಟ್ಟರು.

“ತಂಗಿ, ನೀ ಓದಿದವ್ಳ್. ಇದ್ರಗೆ ಎಂತ ಬರ್ದಿರ್, ಓದಿ ಹೇಳ್.”

ಅತ್ತೆ ಚಹಾ ಸೋಸುತ್ತಿದ್ದರು. ನಾನು ಓದಿದೆ. “‘ಸಿಬ್ಬಂದಿ ಆಪತ್ತನ್ನು ಸೂಚಿಸಿಲ್ಲ. ಕೊನೆಯ ಮಾತುಕತೆ ಹೆಚ್ಚಿನ ಮೀನು ದೊರೆತ ಸಂಭ್ರಮದ್ದಾಗಿದೆ. ಮಿತಿಮೀರಿದ ಭಾರ ಕಾರಣವಿರಬಹುದು.’”

“ಭಾರವಾ?” ಅವರು ಮೆಲ್ಲಗೆ ಕೇಳಿದರು. “ಎರಡ್ ಬುಟ್ಟಿ ಬಂಗ್ಡಿ ಇದ್ದಿತ್ತ್ ತಂಗಿ. ಎರಡೇ ಎರಡ್. ಅಲೆ ಅಡ್ಡ ಹೊಡಿತ್, ಹಿಂದಿನ ಹಲ್ಗೆ ಬಿಟ್ಕಂಡ್ ಹೋಯ್ತ್. ಸೂಚಿಸಿಲ್ಲ ಅಂದ್ರೆ ಎಂತ? ಕೂಗ್ಲಿಲ್ಲೆ ಅಂದಾ?”

“ಹೌದು.”

“ಲೋಹಿತ ಕೂಗ್ದ. ನಾ ಕಂಡಿದೆ. ಪೆಟ್ಟಿಗೆಗ್ ಬಾಯಿ ಇಟ್ಟ್ ಕೂಗ್ದ. ನಿನ್ ಹೆಸ್ರ್ ಹಿಡ್ದ್ ಕೂಗ್ದ.”

“ಗುಂಡಿ?”

“ನಾ ಒತ್ತುಕ್ ಹೋದೆ. ‘ನೀವ್ ನೀರ್ ಹೊರಗೆ ಹಾಕಿ ತಾಂಡೇಲ್ರೆ, ನಾ ಹೇಳಿದೆ, ಅವ್ಳಿಗ್ ಕೇಂಡಿರತ್ತ್’ ಅಂದ.”

ಅತ್ತೆ ಸೋಸುವುದನ್ನು ನಿಲ್ಲಿಸಿದ್ದರು. “ಎಂತ ಅಂದ್ ಕೂಗ್ದ?”

ತಿಮ್ಮಣ್ಣ ನೆಲ ನೋಡಿದರು. ಮನೆಯೊಳಗೆ ಕೂತು ಆ ಮಾತು ಹೇಳಲು ಅವರಿಗೆ ಬಾಯಿ ಬರಲಿಲ್ಲ. “ಮತ್ತೆಂತ ಅಂಬ್ರ್ ರುಕ್ಕಕ್ಕ... ಅದೇ.”

“ತುಂಬ್ತ್ ಅಂದಾ?”

ಅವರು ತಲೆ ಆಡಿಸಿದರು.

ಅತ್ತೆ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದಾಗ ಮತ್ತೊಮ್ಮೆ ಎಣಿಸುವವರ ಹಾಗೆ. “ನೀ ಎಲ್ಲ ಕಲ್ಸಿದ್ದೆ ಅಂದಿಯಲೆ?”

“ಅದೊಂದ್ ಕಲ್ಸಲಿಲ್ಲೆ.”

“ಮರ್ತ್ ಹೋಯ್ತಾ?”

ಅವರು ನನಗೊಂದು ಬಾಗಿಲು ತೆರೆದುಕೊಟ್ಟರು. ಹೌದು ಎಂದಿದ್ದರೆ ಅವರು ಅತ್ತು, ನಾನೂ ಅತ್ತು, ಅಲ್ಲಿಗೆ ಮುಗಿಯುತ್ತಿತ್ತು. ಮರೆವಿಗೆ ಕ್ಷಮೆಯಿದೆ.

“ಇಲ್ಲೆ. ಆಫೀಸಗೆ ಅವ್ರ್ ಕೇಂಡಿದ್ರ್, ಬೇರೆ ಮಾತ್ ಇತ್ತಾ ಅಂದ್. ನಾ ಇಲ್ಲೆ ಅಂದೆ.”

“ಎಂತಕ್ಕೆ?”

“ನಾಚ್ಕೆ ಆಯ್ತ್.”

“ನಮ್ ಮಾತಿಗಾ?”

ತಿಮ್ಮಣ್ಣ ಚಹಾ ಕುಡಿಯದೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೋದರು. ಅತ್ತೆ ಸೋಸಿದ ಚಹಾವನ್ನು ಮೂರು ಲೋಟಕ್ಕೆ ಹೊಯ್ದು, ಒಂದನ್ನೂ ಯಾರಿಗೂ ಕೊಡದೆ ಒಳಗೆ ಹೋದರು. ಅಂದಿನಿಂದ ಅವರು ನನ್ನ ಜೊತೆ ಮಾತಾಡಲಿಲ್ಲ. ಹೇಳಬೇಕಾದದ್ದಿದ್ದರೆ ಬೆಕ್ಕಿಗೆ ಹೇಳುತ್ತಿದ್ದರು. “ಗಂಜಿ ಆಯ್ತ್ ಕಾಣ್, ಉಂಬುವರ್ ಉಣ್ಲಿ.”

ನಾಚಿಕೆಯಿಂದ ಯಾರೂ ಸತ್ತಿಲ್ಲ ಎನ್ನುತ್ತಾರೆ. ನನ್ನ ನಾಚಿಕೆಯಿಂದ ಇಬ್ಬರು ಸತ್ತರು. ನಾನು ಬದುಕಿದ್ದೇನೆ.

*

ಸೋಮವಾರ ಧ್ವನಿ ಕೇಳಿದೆ. ಮೊದಲು ಎಂಜಿನ್ನು, ಆಮೇಲೆ ಯಾರದೋ ಕೆಮ್ಮು. ಆಮೇಲೆ ಲೋಹಿತ್. “ತಾಂಡೇಲ್ರೆ, ತುಂಬ್ತ್! ದೋಣಿ ತುಂಬ್ತ್!” ನಂತರ ಬಾಯಿ ಪೆಟ್ಟಿಗೆಯ ಹತ್ತಿರ ಬಂತು, ಉಸಿರು ತಾಗುವಷ್ಟು. “ವನಜಾ, ತುಂಬ್ತ್ ಕಾಣ್. ವನಜಾ.” ಬೇರೆ ಯಾರಿಗೂ ಅಲ್ಲ, ಕೇಂದ್ರಕ್ಕೂ ಅಲ್ಲ. ಪಕ್ಕದ ಕೋಣೆಯಲ್ಲಿದ್ದವಳನ್ನು ಕರೆದ ಹಾಗೆ.

ಪೆಟ್ಟಿಗೆ ಬರೆದ ಸಾಲಿನಲ್ಲಿ ನನ್ನ ಹೆಸರಿರಲಿಲ್ಲ. ಮನುಷ್ಯರ ಹೆಸರು ಖಾಸಗಿ, ಅಳಿಸಿಬಿಡಬೇಕು ಎಂಬುದು ನಿಯಮ. ಅದನ್ನು ಬರೆದವಳೂ ನಾನೇ.

ಮಧ್ಯಾಹ್ನ ಸಭೆಯಿತ್ತು. ಅದೇ ಮೇಜು. ನಾನು ಧ್ವನಿಯನ್ನು ಎಲ್ಲರಿಗೂ ಕೇಳಿಸಿದೆ. ಮುಗಿದ ಮೇಲೆ ಆ ಪದದ ಅರ್ಥ ಹೇಳಿದೆ. ಅಕ್ಕಿಯದ್ದೂ ಹೇಳಿದೆ, ಬಳೆಯದ್ದೂ.

ಶ್ರೀವತ್ಸ ಸರ್ ಕನ್ನಡಕ ತೆಗೆದರು. “ನಾನು ನಿಮ್ಮನ್ನ ಕೇಳಿದ್ದೆ ಅಂತ ಜ್ಞಾಪಕ.”

“ಕೇಳಿದ್ರಿ ಸರ್.”

“ನೀವು ಇಲ್ಲ ಅಂದ್ರಿ.”

“ಹೌದು ಸರ್. ಗೊತ್ತಿದ್ದೂ ಅಂದೆ.”

“ಯಾಕಮ್ಮ?”

ಆ ‘ಅಮ್ಮ’ ಕೇಳಿ ನನಗೆ ಎದ್ದು ಹೋಗಬೇಕೆನಿಸಿತು. “ನೀವೆಲ್ಲ ನಗ್ತಿದ್ರಿ. ನಾನೂ ನಗ್ತಿದ್ದೆ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ವರದಿ ತಿದ್ದಿಸೋಣ. ಆದರೆ ಅದರಲ್ಲಿ ನಿಮ್ಮ ಹೆಸರು ಬರುತ್ತೆ” ಎಂದರು.

“ಬರಲಿ ಸರ್. ಅದನ್ನ ಅಳಿಸಬೇಡಿ.”

ಪದಪಟ್ಟಿಯ ಕೆಲಸದಿಂದ ನನ್ನನ್ನು ತೆಗೆದು ನಕ್ಷೆಯ ಕೋಣೆಗೆ ಹಾಕಿದರು. ನ್ಯಾಯವೇ. ಬಿಡುವ ಮೊದಲು ಒಂದು ಕೆಲಸ ಉಳಿದಿತ್ತು. ಪದವನ್ನು ಪಟ್ಟಿಯಲ್ಲಿ ಬರೆದರೆ ಯಂತ್ರಕ್ಕೆ ಸಾಲದು. ಹಲವು ಗಂಟಲುಗಳಿಂದ, ಹೆದರಿಕೆಯ ಸ್ವರದಲ್ಲಿ ಅದನ್ನು ಕೇಳಿಸಬೇಕು. ಒಬ್ಬರ ಧ್ವನಿ ಸಾಲದು. ಲೋಹಿತರದ್ದು ಒಂದೇ.

ಪಡುಕೋಡಿಯಲ್ಲಿ ಗಂಡಸರು ಒಬ್ಬರೂ ಒಪ್ಪಲಿಲ್ಲ. ದಡದಲ್ಲಿ ನಿಂತು ಆ ಮಾತು ಕೂಗುವುದೆಂದರೆ ಕಡಲಿಗೆ ಆಹ್ವಾನ ಕೊಟ್ಟಂತೆ. ತಿಮ್ಮಣ್ಣ ಕೂಡ ಕೈ ಮುಗಿದುಬಿಟ್ಟರು. ನಾನು ಒತ್ತಾಯ ಮಾಡುವ ಬಾಯಿ ಕಳೆದುಕೊಂಡಿದ್ದೆ.

ಬುಧವಾರ ಫಿಲೋಮಿನಾ ಧ್ವನಿಯಂತ್ರ ಹಿಡಿದು ದಕ್ಕೆಯಲ್ಲಿ ಸುಮ್ಮನೆ ಕೂತಿದ್ದರು. ಹತ್ತು ಗಂಟೆಗೆ, ಮೀನು ಮಾರಿ ಮುಗಿದ ಮೇಲೆ, ಅತ್ತೆ ಬಂದರು. ಹಿಂದೆ ಆ ಒಂಬತ್ತು ಹೆಂಗಸರು. ಅಂದು ಬುಟ್ಟಿ ಹಿಡಿದು ನಿಂತವರೇ.

ಅತ್ತೆ ನನ್ನ ಕಡೆ ನೋಡಲಿಲ್ಲ. ಫಿಲೋಮಿನಾಗೆ ಹೇಳಿದರು, “ಬಾಯಮ್ಮ, ಗಂಡ್ಸ್ರ್ ನಾಳೆ ಕಡಲಿಗ್ ಹೋಯ್ಕ್. ಅವ್ರ ಬಾಯಗೆ ಅದ್ ಬಪ್ಪುಕಾಗ. ನಾವ್ ಹೋಪವರಲ್ಲ. ನಾವ್ ಹೇಳ್ತೊ.”

“ಹೆದರಿದ ಹಾಗೆ ಹೇಳಬೇಕಂತೆ ಅಮ್ಮ,” ಫಿಲೋಮಿನಾ ಅಳುಕುತ್ತ ಹೇಳಿದರು. “ನೀವು ದೋಣಿಯಲ್ಲಿ ಹೋದವರಲ್ಲ ಅಲ್ವಾ...”

“ಹೋಪ್ದ್ ಎಂತಕ್ಕೆ? ಮದ್ವೆ ಆದ್ ದಿನದಿಂದ ದಿನಾ ಮನ್ಸಗೆ ಅದನ್ನೇ ಕೇಣ್ತಾ ಇಪ್ಪುದ್ ಅಲ್ದಾ?”

ಅವರು ಕಡಲಿಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಒಬ್ಬೊಬ್ಬರೇ ಹೇಳಿದರು. ಹೇಳಿದ ಮೇಲೆ ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿ ಪಕ್ಕಕ್ಕೆ ಸರಿದರು. ಒಬ್ಬಾಕೆಗೆ ನಗು ಬಂತು, ಇನ್ನೊಬ್ಬಾಕೆ ಬೈದರು, ಮತ್ತೆ ಹೇಳಿದರು. ಅತ್ತೆ ಕೊನೆಗೆ. ಅವರ ಸ್ವರ ಸಣ್ಣದು. “ತುಂಬ್ತ್,” ಎಂದರು. “ಮಗಾ, ತುಂಬ್ತಾ?”

ಅದು ಬೇಕಾದ ರೀತಿಯದ್ದಲ್ಲ. ಕೂಗಲ್ಲ, ಪ್ರಶ್ನೆ. ಫಿಲೋಮಿನಾ ನನ್ನ ಮುಖ ನೋಡಿದರು. ಇರಲಿ ಎಂದು ಸನ್ನೆ ಮಾಡಿದೆ.

ನಾನು ಹನ್ನೊಂದನೆಯವಳಾಗಿ ಹೇಳಿದೆ. ತಂಬಿಗೆ ಖಾಲಿಯಾಗಿತ್ತು. ಬಾಯಿ ಮುಕ್ಕಳಿಸಲು ನನಗೆ ನೀರು ಉಳಿದಿರಲಿಲ್ಲ.

*

ಕೊನೆಯ ತೀರ್ಮಾನ ಒಂದಿತ್ತು. ಆ ಪದಕ್ಕೆ ಎಷ್ಟು ತೂಕ? ಗಂಟಲು ಶಾಂತವಾಗಿದ್ದು ಪದ ಮಾತ್ರ ಬಂದರೆ?

“ಕೆಂಪು,” ಎಂದೆ.

“ಸುಳ್ಳು ಕರೆ ಬರುತ್ತೆ ವನಜಾ,” ಶ್ರೀವತ್ಸ ಸರ್ ಹೇಳಿದರು. “ಮತ್ತೆ ಜನ ನಗ್ತಾರೆ.”

“ನಗಲಿ ಸರ್.”

ತಿದ್ದಿದ ವರದಿ ಬಂತು. ತಿಮ್ಮಣ್ಣನಿಗೆ ಕೆಲಸ ಸಿಕ್ಕಿತು, ಈಗ ಐದಾರು ದಿನ ಕಡಲಲ್ಲೇ ಇರುವ ದೊಡ್ಡ ಬೋಟಿಗೆ ತಾಂಡೇಲ. ವರದಿಯ ಏಳನೆಯ ಪುಟದಲ್ಲಿ ನನ್ನ ಹೆಸರಿದೆ. ಊರಲ್ಲಿ ಯಾರೋ ಅದನ್ನು ಓದಿ ಹೇಳಿದ್ದಾರೆ. ದಾರಿಯಲ್ಲಿ ಎದುರಾದವರು ಮೊದಲಿನಂತೆಯೇ “ಹೋಯ್, ಊಟ ಆಯ್ತಾ” ಎನ್ನುತ್ತಾರೆ, ಆದರೆ ನಿಲ್ಲುವುದಿಲ್ಲ. ಗಣಪುವಿನ ತಾಯಿಗೆ ನಾನೇ ಕುಮಟೆಗೆ ಹೋಗಿ ಹೇಳಿದೆ. ಆಕೆ ಕೇಳಿಸಿಕೊಂಡು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಅಷ್ಟೇ.

ಮಳೆಗಾಲ ಕಳೆಯಿತು. ಮುನ್ನೂರು ದೋಣಿಗಳು ಇಳಿದವು. ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಚುಕ್ಕಿ ಕೆಂಪಾಯಿತು.

“ವನಜಾ!” ಫಿಲೋಮಿನಾ ಎದ್ದು ನಿಂತಿದ್ದರು.

ತಿಮ್ಮಣ್ಣನ ಬೋಟು. ಪದ ಅದೇ. ರಕ್ಷಣಾ ದೋಣಿ ಆರು ನಿಮಿಷದಲ್ಲಿ ಹೊರಟಿತು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಧ್ವನಿ ಬರಲು ಮತ್ತೂ ನಾಲ್ಕು ನಿಮಿಷ ಹಿಡಿಯಿತು, ಉಪಗ್ರಹದ ದಾರಿ ಅಷ್ಟು ನಿಧಾನ. ಬಂದಾಗ ಕೋಣೆಯಲ್ಲಿದ್ದವರೆಲ್ಲ ಕೇಳಿದರು.

ಪಾತ್ರೆಯ ಸದ್ದು. ಬೋಟಿನ ಅಡುಗೆಯವನ ಸ್ವರ, ಅವನೂ ಪಡುಕೋಡಿಯವನೇ. “ತಾಂಡೇಲ್ರೆ, ಅಕ್ಕಿ ತುಂಬ್ತ್.” ತಿಮ್ಮಣ್ಣನ ಸ್ವರ, ರೇಗಿದ್ದು. “ತುಂಬ್ತಾ? ಇನ್ನೂ ಎರಡ್ ದಿನ ಇತ್ತಲ ಮಾರಾಯ, ನೀ ಎಂತ ಬೋಟಿಗೆಲ್ಲಾ ಮದ್ವೆ ಊಟ ಹಾಕಿದ್ಯಾ?”

ನಾನು ಅಲ್ಲಿದ್ದವರಿಗೆ ಅರ್ಥ ಹೇಳಿದೆ. ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ಫಿಲೋಮಿನಾ ಕಣ್ಣೊರೆಸಿಕೊಳ್ಳುತ್ತ ಕುರ್ಚಿಗೆ ಕುಸಿದರು. ಶ್ರೀವತ್ಸ ಸರ್ ಒಳಗೆ ಬಂದು, “ಅಂದರೆ ಅಕ್ಕಿ ಖಾಲಿಯಾಗಿದ್ದಕ್ಕೆ ನಾವು ರಕ್ಷಣಾ ದೋಣಿ ಕಳಿಸಿದೀವಿ?” ಎಂದರು.

“ಹೌದು ಸರ್.”

“ವಾಪಸ್ ಕರೀಬೇಕಾ?”

“ಹೋಗಿ ನೋಡಿಯೇ ಬರಲಿ ಸರ್.”

ಅವರು ನನ್ನನ್ನು ನೋಡಿ, ತಲೆಯಾಡಿಸಿ ಹೋದರು.

ಸಂಜೆ ಮನೆಗೆ ಬಂದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ರಕ್ಷಣಾ ದೋಣಿಯವರು ತಮ್ಮಲ್ಲಿದ್ದ ಐದು ಕಿಲೋ ಅಕ್ಕಿ ಕೊಟ್ಟು ಬಂದರಂತೆ. ಇಡೀ ಪಡುಕೋಡಿ ತಿಮ್ಮಣ್ಣನನ್ನು ನೆನೆದು ನಗುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಬಂಗುಡೆ ಕೊಯ್ಯುತ್ತಿದ್ದರು. ಅವರ ಭುಜ ಅಲುಗುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಗಂಟಲನ್ನಷ್ಟೇ ನಂಬುವ ಹಾಗಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಬಾಗಿಲಲ್ಲೇ ನಿಂತೆ.

ಬೆಕ್ಕು ಅವರ ಕಾಲ ಬಳಿಯೇ ಇತ್ತು. ಅವರು ಅದಕ್ಕೆ ಹೇಳಲಿಲ್ಲ.

“ಹೆಣ್ಣೇ,” ಎಂದರು, ತಿರುಗದೆ. “ನಮ್ ಮನೆ ಅಕ್ಕಿಯೂ ತುಂಬಿತ್ತ್. ನಾಳೆ ಬಪ್ಪತಿಗೆ ತಕಂಬಾ.”

ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ತಳ ಕಾಣುತ್ತಿತ್ತು.

“ತಕಂಬತ್ತೆ ಅತ್ತೆ,” ಎಂದೆ.